ಎಕ್ಮೋ ಹಾಕಿದ ರೋಗಿಯ ಶ್ವಾಸಕೋಶದಲ್ಲಿ ನೀರು ತುಂಬಿದರೆ ಬದುಕುವುದಿಲ್ಲವೇ?

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಹೃದಯಾಘಾತವಾದವರ ಸ್ಥಿತಿ ತೀರಾ ಬಿಗಡಾಯಿಸಿದರೆ ಮನೆಯವರು ಹೆಚ್ಚಾಗಿ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಅಲ್ಲಿ ವೈದ್ಯರು ‘ಎಕ್ಮೋ ಹಾಕಿದ್ದೇವೆ, ಶ್ವಾಸಕೋಶದಲ್ಲಿ ನೀರು ತುಂಬಿದೆ’ ಎಂದರೆ, ಇತ್ತ ವಾಟ್ಸಾಪ್ ಗುಂಪಿನಲ್ಲಿ ‘ಇನ್ನು ಮುಗಿಯಿತು, ಬಿಲ್‌ಗಾಗಿ ಮೆಷಿನ್ ಮೇಲಿಟ್ಟಿದ್ದಾರೆ’ ಎಂಬ ಮಾತು ಹರಿದಾಡುತ್ತದೆ. ಇದು ನಿಜವೇ? ನಾವು ಪರಿಶೀಲಿಸಿದ್ದೇವೆ.

ಎಕ್ಮೋ ಏನು ಮಾಡುತ್ತದೆ?

ದೇಹದ ರಕ್ತವನ್ನು ಹೊರಗೆಳೆದು, ಆಮ್ಲಜನಕ ಸೇರಿಸಿ ಹಿಂದಿರುಗಿಸುವ ಯಂತ್ರವಿದು. ಇದರಲ್ಲಿ ಎರಡು ಮುಖ್ಯ ಬಗೆ. ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ 2020ರಲ್ಲಿ ಕೋವಿಡ್‌ನಿಂದ ಶ್ವಾಸಕೋಶ ಸೋತಾಗ ಎಕ್ಮೋ ಹಾಕಲಾಗಿತ್ತು. ಜಯಲಲಿತಾ ಅವರಿಗೆ 2016ರ ಡಿಸೆಂಬರ್‌ನಲ್ಲಿ ಹಾಕಿದ್ದು ಹೃದಯ ಸ್ತಂಭನವಾದಾಗ. ಇಬ್ಬರೂ ಉಳಿಯಲಿಲ್ಲ. ಎಕ್ಮೋ ಎಂದರೆ ಸಾವು ಎಂಬ ಭಾವನೆ ಬೆಳೆಯಲು ಇಂಥ ಸುದ್ದಿಗಳೂ ಕಾರಣ.

ನೀರು ತುಂಬುವುದೇಕೆ?

ಹೃದಯಕ್ಕೆ ನೆರವಾಗುವ ಎಕ್ಮೋದಲ್ಲಿ ರಕ್ತವನ್ನು ಸಾಮಾನ್ಯವಾಗಿ ತೊಡೆಯ ಅಪಧಮನಿಯ ಮೂಲಕ ಒತ್ತಡದಿಂದ ಮೇಲಕ್ಕೆ ಕಳಿಸುತ್ತಾರೆ. ಹೃದಯ ಹೊರಹಾಕುವ ರಕ್ತಕ್ಕೆ ಇದು ಎದುರಾಗಿ ಬರುತ್ತದೆ. ದುರ್ಬಲ ಹೃದಯ ಇದರ ವಿರುದ್ಧ ತಳ್ಳಲಾರದು. ಹೊರಹರಿವು ಕಟ್ಟಿದ ಕೆರೆಯಲ್ಲಿ ನೀರು ಹಿಂದಕ್ಕೆ ಹರಡಿಕೊಳ್ಳುವಂತೆ, ರಕ್ತ ಶ್ವಾಸಕೋಶದತ್ತ ಒತ್ತರಿಸಿ, ದ್ರವ ಗಾಳಿಚೀಲಗಳಿಗೆ ಜಿನುಗುತ್ತದೆ. ಅಂದರೆ ಜೀವ ಉಳಿಸುವ ಯಂತ್ರವೇ ಈ ತೊಂದರೆಗೂ ಕಾರಣವಾಗಬಹುದು.

ಇದಕ್ಕೆ ಚಿಕಿತ್ಸೆ ಇದೆಯೇ?

ಇದೆ. ಎಕ್ಸ್‌ರೇ, ಎಕೋ ಮೂಲಕ ನಿಗಾ ಇಡುತ್ತಾರೆ. ಹೃದಯದ ಬಡಿತಕ್ಕೆ ಬಲ ಕೊಡುವ, ಮೂತ್ರ ಹೆಚ್ಚಿಸುವ ಔಷಧ ಕೊಡುತ್ತಾರೆ. ಯಂತ್ರದ ಹರಿವು ತಗ್ಗಿಸುತ್ತಾರೆ. ಅಗತ್ಯವಿದ್ದರೆ ಬಲೂನ್ ಪಂಪ್ ಅಥವಾ ಪುಟ್ಟ ಪಂಪ್‌ನಿಂದ ಹೃದಯದ ಎಡಭಾಗದ ಹೊರೆ ಇಳಿಸುತ್ತಾರೆ.

ಹಾಗೆಂದು ಎಲ್ಲರಿಗೂ ಮೊದಲೇ ಹೊರೆ ಇಳಿಸಿದರೆ ಲಾಭವೇ? ದಕ್ಷಿಣ ಕೊರಿಯಾದಲ್ಲಿ 116 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 30 ದಿನಗಳ ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಯಾರಿಗೆ, ಯಾವಾಗ ಬೇಕು ಎಂಬುದನ್ನು ರೋಗಿಯನ್ನು ನೋಡಿಯೇ ನಿರ್ಧರಿಸಬೇಕು.

ಬದುಕುವವರು ಎಷ್ಟು ಮಂದಿ?

ಜಾಗತಿಕ ದಾಖಲೆಗಳ ಪ್ರಕಾರ, ಹೃದಯಕ್ಕಾಗಿ ಎಕ್ಮೋ ಹಾಕಿದ ಹತ್ತು ವಯಸ್ಕರಲ್ಲಿ ಸುಮಾರು ನಾಲ್ಕೈದು ಮಂದಿ, ಶ್ವಾಸಕೋಶಕ್ಕಾಗಿ ಹಾಕಿದವರಲ್ಲಿ ಐದಾರು ಮಂದಿ ಆಸ್ಪತ್ರೆಯಿಂದ ಬಿಡುಗಡೆಯಾಗುತ್ತಾರೆ. ಅಪಾಯ ದೊಡ್ಡದೇ, ರಕ್ತಸ್ರಾವ, ಸೋಂಕು, ಪಾರ್ಶ್ವವಾಯುವಿನ ಭಯವೂ ಇದೆ. ಎಕ್ಮೋ ರೋಗ ವಾಸಿಮಾಡುವುದಿಲ್ಲ. ಹೃದಯ ಚೇತರಿಸಿಕೊಳ್ಳಲು ಅಥವಾ ಮುಂದಿನ ಚಿಕಿತ್ಸೆ ನಡೆಯಲು ಕಾಲಾವಕಾಶ ಕೊಡುತ್ತದೆ.

ಮನೆಯವರು ಏನು ಕೇಳಬೇಕು?

ಎಕ್ಮೋ ಹಾಕಿದ್ದು ಹೃದಯಕ್ಕೋ, ಶ್ವಾಸಕೋಶಕ್ಕೋ? ಹೃದಯ ತಾನಾಗಿ ಎಷ್ಟು ಕೆಲಸ ಮಾಡುತ್ತಿದೆ? ನೀರು ಇಳಿಸಲು ಏನು ಮಾಡುತ್ತಿದ್ದೀರಿ? ಚೇತರಿಕೆ ಕಾಣದಿದ್ದರೆ ಮುಂದೇನು? ದಿನದ ಖರ್ಚೆಷ್ಟು? ಈ ಪ್ರಶ್ನೆಗಳನ್ನು ದಿನವೂ ಕೇಳುವ ಹಕ್ಕು ನಿಮಗಿದೆ.

ನಮ್ಮ ತೀರ್ಮಾನ

‘ನೀರು ತುಂಬಿದರೆ ಮುಗಿಯಿತು’ ಎಂಬುದು ತಪ್ಪು. ಅದು ಗಂಭೀರ ಎಚ್ಚರಿಕೆ, ಆದರೆ ಚಿಕಿತ್ಸೆ ಇರುವ ತೊಂದರೆ. ಇಂಥ ಫಾರ್ವರ್ಡ್ ನಂಬಿ ಚಿಕಿತ್ಸೆ ನಿಲ್ಲಿಸುವ ನಿರ್ಧಾರಕ್ಕೆ ಬರಬೇಡಿ. ಮೊದಲು ರೋಗಿಯನ್ನು ನೋಡುತ್ತಿರುವ ವೈದ್ಯರೊಂದಿಗೆ ಮಾತನಾಡಿ.