ಎಷ್ಟು ಮೆಗಾಪಿಕ್ಸೆಲ್ ಬೇಕು? ಕ್ಯಾಮೆರಾ ಚರಿತ್ರೆಯಲ್ಲೇ ಉತ್ತರವಿದೆ

‘ಅಣ್ಣಾ, ಕ್ಯಾಮೆರಾ ತಗೋಬೇಕು. ಎಷ್ಟು ಮೆಗಾಪಿಕ್ಸೆಲ್‌ದು ತಗೊಳ್ಳಲಿ?’

ಹೊಸದಾಗಿ ವರದಿಗಾರಿಕೆಗೆ ಬಂದ ಹುಡುಗರು, ಮದುವೆ ಫೋಟೊ ತೆಗೆದು ದುಡಿಯಬೇಕು ಎನ್ನುವವರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಇದು. ಕೆಲವರು ಸಂಘದ ಸಾಲಕ್ಕೆ ಅರ್ಜಿ ಕೊಟ್ಟು ಕೇಳುತ್ತಾರೆ, ಕೆಲವರು ಅಮ್ಮನ ಓಲೆ ಅಡವಿಟ್ಟು ಬಂದು ಕೇಳುತ್ತಾರೆ. ದುಡ್ಡು ಕೈಬಿಡುವ ಮೊದಲು ಈ ಕ್ಯಾಮೆರಾ ಎಂಬುದು ಎಲ್ಲಿಂದ ಎಲ್ಲಿಗೆ ಬಂತು ಎಂದು ಒಮ್ಮೆ ನೋಡೋಣ.

ಮೊದಲ ಡಿಜಿಟಲ್ ಕ್ಯಾಮೆರಾ ತಯಾರಾದದ್ದು 1975ರಲ್ಲಿ, ಅಮೆರಿಕದ ಕೊಡಾಕ್ ಕಂಪನಿಯಲ್ಲಿ. ಮಾಡಿದವರು ಎಂಜಿನಿಯರ್ ಸ್ಟೀವನ್ ಸ್ಯಾಸನ್. ತೂಕ ಸುಮಾರು 3.6 ಕೆ.ಜಿ. ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ಹಿಡಿಯುತ್ತಿತ್ತು. ಚಿತ್ರದಲ್ಲಿದ್ದದ್ದು ಅಡ್ಡಕ್ಕೆ 100, ಉದ್ದಕ್ಕೆ 100, ಒಟ್ಟು 10,000 ಚುಕ್ಕಿ. ಈ ಚುಕ್ಕಿಯೇ ಪಿಕ್ಸೆಲ್. ಇಂಥ 10 ಲಕ್ಷ ಚುಕ್ಕಿ ಸೇರಿದರೆ ಒಂದು ಮೆಗಾಪಿಕ್ಸೆಲ್.

ಆದರೆ ಕೊಡಾಕ್‌ಗೆ ಅನ್ನ ಹಾಕುತ್ತಿದ್ದದ್ದು ಫಿಲ್ಮ್ ರೋಲು. ಹಾಗಾಗಿ ಡಿಜಿಟಲ್ ಕ್ಯಾಮೆರಾವನ್ನು ಜನರ ಕೈಗೆ ಕೊಡುವ ಅವಸರ ಕಂಪನಿಗೆ ಇರಲಿಲ್ಲ. ಕೊನೆಗೆ 2012ರ ಜನವರಿಯಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಬೇಕಾಯಿತು.

ನಮ್ಮ ಹಿರಿಯ ವರದಿಗಾರರೆಲ್ಲ ಆ ರೋಲಿನ ಕಾಲದವರು. ಒಂದು ರೋಲಿಗೆ 36 ಚಿತ್ರ. ಒಂದೊಂದು ಕ್ಲಿಕ್ಕಿಗೂ ಖರ್ಚು. ತೊಳೆಸಿ, ಪ್ರಿಂಟು ಹಾಕಿಸಿ, ಕವರಿಗೆ ತುಂಬಿ ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಬೆಳಗ್ಗೆ ಕಚೇರಿಗೆ ಮುಟ್ಟುತ್ತಿತ್ತು.

1991ರಲ್ಲಿ ಕೊಡಾಕ್, ನಿಕಾನ್ ಎಫ್3 ಕ್ಯಾಮೆರಾಕ್ಕೆ ಡಿಜಿಟಲ್ ಭಾಗ ಜೋಡಿಸಿ ಪತ್ರಿಕಾ ಛಾಯಾಗ್ರಾಹಕರಿಗಾಗಿ ಮಾರಾಟಕ್ಕೆ ಇಟ್ಟಿತು. 1.3 ಮೆಗಾಪಿಕ್ಸೆಲ್. ಚಿತ್ರ ಉಳಿಸುವ ಪೆಟ್ಟಿಗೆಯನ್ನು ಬೇರೆಯಾಗಿ ಹೆಗಲಿಗೆ ನೇತುಹಾಕಿಕೊಳ್ಳಬೇಕಿತ್ತು. ಬೆಲೆ ಸುಮಾರು 20,000 ಡಾಲರ್. ದೊಡ್ಡ ಪತ್ರಿಕೆ, ಸುದ್ದಿಸಂಸ್ಥೆಗಳಿಗೆ ಮಾತ್ರ ಸಾಧ್ಯವಾದ ಮಾತು.

1999ರಲ್ಲಿ ಬಂದ ನಿಕಾನ್ ಡಿ1 ಪತ್ರಿಕೆಗಳ ಕೆಲಸವನ್ನೇ ಬದಲಿಸಿತು. ಅದರದು ಎಷ್ಟು ಮೆಗಾಪಿಕ್ಸೆಲ್ ಗೊತ್ತೇ? 2.7! ಚಿತ್ರದ ಅಗಲ 2,000 ಚುಕ್ಕಿ. ಪತ್ರಿಕೆಯಲ್ಲಿ ಇಂಚಿಗೆ 200 ಚುಕ್ಕಿಯಂತೆ ಅಚ್ಚು ಹಾಕಿದರೂ 10 ಇಂಚು ಅಗಲದ ಫೋಟೊ ಬರುತ್ತದೆ. ಮುಖಪುಟದ ದೊಡ್ಡ ಚಿತ್ರಕ್ಕೂ ಅಷ್ಟು ಸಾಕು. ಇಂದು ವಾಟ್ಸ್‌ಆ್ಯಪ್‌ಗೆ ಹಾಕುವ ಫೋಟೊಕ್ಕೆ 48 ಮೆಗಾಪಿಕ್ಸೆಲ್ ಬೇಕೆಂದು ಸಾಲ ಮಾಡುವವರು ಈ ಲೆಕ್ಕ ನೆನಪಿಡಬೇಕು.

2003ರಲ್ಲಿ ಕ್ಯಾನನ್ 300ಡಿ ಬಂತು. 6.3 ಮೆಗಾಪಿಕ್ಸೆಲ್, ಲೆನ್ಸ್ ಸೇರಿ 1,000 ಡಾಲರಿಗಿಂತ ಕಡಿಮೆ. ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್ ಕ್ಯಾಮೆರಾ ಸಾಮಾನ್ಯರ ಕೈಗೆಟುಕಲು ಶುರುವಾದದ್ದು ಅಲ್ಲಿಂದ. 2008ರ ನಿಕಾನ್ ಡಿ90ಯಲ್ಲಿ ವಿಡಿಯೊ ಕೂಡ ಸೇರಿತು.

ಅದರ ಹಿಂದೆಯೇ ನಾವು ಡಿಪ್ಲೊಮಾ ಮುಗಿಸಿ ಹೊರಬಂದೆವು. ಗೆಳೆಯರು ದುಡ್ಡು ಕೂಡಿಸಿ ಜೇಬಿಗೆ ಹಿಡಿಯುವ 14 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಂಡೆವು. ಮೊದಲ ಪರೀಕ್ಷೆ ಜಾತ್ರೆಯ ರಾತ್ರಿ ತೇರು. ನಮ್ಮ ಚಿತ್ರಗಳಲ್ಲಿ ತೇರೂ ಇಲ್ಲ, ಜನವೂ ಇಲ್ಲ, ಬರೀ ಮಸುಕು. ಪಕ್ಕದಲ್ಲಿ ನಿಂತಿದ್ದ ಸ್ಟುಡಿಯೊ ಯಜಮಾನರದು ಹಳೆಯ 6 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್. ಮರುದಿನ ಪತ್ರಿಕೆಯಲ್ಲಿ ಬಂದದ್ದು ಅವರ ಫೋಟೊ.

ವ್ಯತ್ಯಾಸ ಇದ್ದದ್ದು ಬೆಳಕು ಹಿಡಿಯುವ ಸೆನ್ಸರ್‌ನಲ್ಲಿ, ಲೆನ್ಸಿನಲ್ಲಿ. ಡಿಎಸ್‌ಎಲ್‌ಆರ್ ಸೆನ್ಸರ್, ಜೇಬಿನ ಕ್ಯಾಮೆರಾದ ಸೆನ್ಸರ್‌ಗಿಂತ ಹತ್ತು ಪಟ್ಟಿಗೂ ದೊಡ್ಡದು. ಮಳೆಗೆ ಚೊಂಬು ಇಟ್ಟರೆ ಚೊಂಬಿನಷ್ಟೇ ನೀರು, ಕೊಪ್ಪರಿಗೆ ಇಟ್ಟರೆ ಕೊಪ್ಪರಿಗೆ ತುಂಬ.

ಮುಂದೆ ಫೋನು ಬಂದು ಜೇಬಿನ ಕ್ಯಾಮೆರಾವನ್ನು ನುಂಗಿತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಮಾರುಕಟ್ಟೆಗೆ ಹೋದ ಡಿಜಿಟಲ್ ಕ್ಯಾಮೆರಾ ಸುಮಾರು 12 ಕೋಟಿ. 2020ರಲ್ಲಿ 90 ಲಕ್ಷಕ್ಕಿಂತ ಕಡಿಮೆ.

ಇಷ್ಟು ಚರಿತ್ರೆಯಿಂದ ನಾವು ಕಲಿತದ್ದು ಇಷ್ಟು. ಹಗಲು ಹೊತ್ತಿನ ಸಭೆ, ಕೆಟ್ಟ ರಸ್ತೆ, ಬೆಳೆಹಾನಿ, ಇವಕ್ಕೆ ಕೈಯಲ್ಲಿರುವ ಫೋನೇ ಸಾಕು. ಫೋನು ಮಾಡುವ ಕೆಲಸಕ್ಕೆ ಮತ್ತೆ ದುಡ್ಡು ಹಾಕಬೇಡಿ. ರಾತ್ರಿ ಕಾರ್ಯಕ್ರಮ, ಮದುವೆ ಮನೆ ಎಂದಾದರೆ ದೊಡ್ಡ ಸೆನ್ಸರ್‌ನ ಕ್ಯಾಮೆರಾ, ಜೊತೆಗೆ 50 ಎಂಎಂ ಎಫ್1.8 ಲೆನ್ಸ್. ಇದು ಲೆನ್ಸ್‌ಗಳಲ್ಲೇ ಅಗ್ಗದ್ದು. ಕಬಡ್ಡಿ, ಕಂಬಳ, ದೂರದ ವೇದಿಕೆ ಎಂದಾದರೆ ಉದ್ದದ ಜೂಮ್ ಲೆನ್ಸ್.

ಕಂಪನಿಗಳು ಈಗ ಮಿರರ್‌ಲೆಸ್ ಕಡೆ ಹೊರಳಿವೆ. ಹಾಗಾಗಿ ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಕೊಳ್ಳುವಾಗ ಶಟರ್ ಎಷ್ಟು ಸಲ ಬಡಿದಿದೆ ಎಂದು ಕೇಳಿ, ಲೆನ್ಸಿನಲ್ಲಿ ಬೂಷ್ಟು ಕಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಕಾರ್ಡು, ಇನ್ನೊಂದು ಬ್ಯಾಟರಿ, ಬ್ಯಾಗಿನ ಖರ್ಚು ಮೊದಲೇ ತೆಗೆದಿಡಿ. ಎಲ್ಲ ದುಡ್ಡನ್ನೂ ಬಾಡಿಗೇ ಸುರಿಯಬೇಡಿ. ಬಾಡಿ ಬೇಗ ಹಳತಾಗುತ್ತದೆ, ಒಳ್ಳೆಯ ಲೆನ್ಸ್ ಇನ್ನೊಂದು ಬಾಡಿಗೂ ಬರುತ್ತದೆ.

ಸಾಲ ಮಾಡುವ ಮೊದಲು ಪರಿಚಯದ ಸ್ಟುಡಿಯೊದಿಂದ ಬಾಡಿಗೆಗೆ ತಂದು ನಾಲ್ಕು ಕೆಲಸ ಮಾಡಿ. ಬಂದ ದುಡ್ಡಿನಲ್ಲಿ ತಿಂಗಳ ಕಂತು ಕಟ್ಟಲು ಆಗುತ್ತದೆಯೇ ಎಂದು ಮನೆಯವರನ್ನು ಕೂರಿಸಿಕೊಂಡು ಲೆಕ್ಕ ಹಾಕಿ. ಅಂಗಡಿಗೆ ಹೋಗುವುದು ಆಮೇಲೆ.