ಕತ್ತರಿ ಕೊಡುವ ಕೈ, ಪಟ್ಟಿ ಕಟ್ಟುವ ಕೈ

1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಅದು ಕೌಸಜಿ ಎಂಬ ಬಂಡಿ ಹೊಡೆಯುವವನ ಕಥೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೂಡಿದ್ದ ಅವನು ಟಿಪ್ಪುವಿನ ಸೆರೆಗೆ ಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ ಎನ್ನುತ್ತದೆ ಪತ್ರ. ವರ್ಷ ಕಳೆದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದವನೊಬ್ಬ ಹಣೆಯ ಚರ್ಮವನ್ನು ಕೆಳಗಿಳಿಸಿ ಅವನಿಗೆ ಹೊಸ ಮೂಗು ಕಟ್ಟಿದ. ಬಾಂಬೆ ಪ್ರೆಸಿಡೆನ್ಸಿಯ ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ನೋಡಿದರು.

ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಬರೆಯುವವರೆಲ್ಲ ಈ ಮೂಗಿನ ಮಾತೆತ್ತುತ್ತಾರೆ. ಪತ್ರದ ಉಳಿದ ಭಾಗದ ಕಡೆ ಗಮನ ಹೋಗುವುದು ಕಡಿಮೆ. ಅಲ್ಲಿರುವುದು ಗಾಯ ನೋಡಿಕೊಂಡ ಬಗೆ. ಕಾಚನ್ನು ನೀರಿನಲ್ಲಿ ಮೆತ್ತಗೆ ಮಾಡಿ ಬಟ್ಟೆಯ ಪಟ್ಟಿಗಳಿಗೆ ಸವರಿ, ಅಂಥ ಐದಾರು ಪಟ್ಟಿಗಳನ್ನು ಚರ್ಮ ಕೂಡಿದ ಜಾಗದ ಮೇಲೆ ಒಂದರ ಮೇಲೊಂದು ಇಟ್ಟರು. ನಾಲ್ಕು ದಿನ ಅದನ್ನು ಮುಟ್ಟಲಿಲ್ಲ. ಆಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಹಾಕಿದರು. ಐದಾರು ದಿನ ರೋಗಿ ಅಂಗಾತ ಮಲಗಿರಬೇಕಿತ್ತು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಕೊಳ್ಳದಂತೆ ಮೆತ್ತನೆಯ ಬಟ್ಟೆಯ ಚೂರುಗಳನ್ನು ಒಳಗಿಟ್ಟರು. ಹಣೆಗೂ ಮೂಗಿಗೂ ನಡುವೆ ಉಳಿದಿದ್ದ ಚರ್ಮದ ಕೊಂಡಿಯನ್ನು ಕತ್ತರಿಸಿದ್ದು ಇಪ್ಪತ್ತೈದನೆಯ ದಿನದ ಸುಮಾರಿಗೆ. ಕೊಯ್ಯುವ ಕೆಲಸ ಒಂದು ದಿನದ್ದು, ಕಾಯುವ ಕೆಲಸ ತಿಂಗಳದ್ದು. ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಆದ ದೊಡ್ಡ ಸುಧಾರಣೆಗಳನ್ನೆಲ್ಲ ಸಾಲಾಗಿ ನೋಡುತ್ತ ಬಂದರೆ, ಅವುಗಳಲ್ಲಿ ಹೆಚ್ಚಿನವು ಈ ಎರಡನೆಯ ಕೆಲಸಕ್ಕೆ ಸೇರಿದವು. ತೊಳೆಯುವುದು, ಮುಚ್ಚುವುದು, ಉಪಕರಣ ಜೋಡಿಸುವುದು, ರೋಗಿಯನ್ನು ಗಮನಿಸುವುದು: ವೈದ್ಯರ ಪಕ್ಕದಲ್ಲಿ ನಿಂತವರು ಮಾಡುವಂಥವು.

ಈ ಕೆಲಸಕ್ಕೆ ತರಬೇತಿ ಬೇಕೆಂಬ ಅರಿವು ನಮ್ಮಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಪೂರ್ತಿ ಅಭ್ಯಾಸದ ಕುರಿತಾದದ್ದು. ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನು, ಕೂದಲಿರುವ ತೊಗಲಿನ ಮೇಲೆ ಕೆರೆಯುವುದನ್ನು, ಬಟ್ಟೆಯ ಅಂಚು ಮತ್ತು ಮೆತ್ತನೆಯ ಚರ್ಮದ ಮೇಲೆ ಹೊಲಿಗೆಯನ್ನು ಕಲಿಯಬೇಕು. ಪಟ್ಟಿ ಕಟ್ಟುವುದನ್ನು ಕಲಿಯಲು ಮನುಷ್ಯಾಕಾರದ ಗೊಂಬೆ. ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ ಹುಣ್ಣು-ಗಾಯಗಳಿಗೆ ಅರವತ್ತು ಉಪಕ್ರಮಗಳನ್ನು ಹೇಳಿದೆ. ಕತ್ತಿ ಬೇಕಾಗುವಂಥವು ಅವುಗಳಲ್ಲಿ ಕೆಲವೇ.

ಇಂಗ್ಲೆಂಡಿನಲ್ಲಿ ಈ ಕೆಲಸ ಮಾಡುವ ವಿದ್ಯಾರ್ಥಿಯನ್ನು ಡ್ರೆಸ್ಸರ್ ಎನ್ನುತ್ತಿದ್ದರು. ಕವಿ ಜಾನ್ ಕೀಟ್ಸ್ 1816ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿದ್ದ. ವಾರ್ಡಿನಲ್ಲಿ ಗಾಯ ಬಿಚ್ಚಿ ಕಟ್ಟುವುದು, ಸಣ್ಣಪುಟ್ಟ ಗಾಯಗಳನ್ನು ನೋಡುವುದು, ಶಸ್ತ್ರವೈದ್ಯ ಕೊಯ್ಯುವಾಗ ರೋಗಿಯನ್ನು ಹಿಡಿದುಕೊಳ್ಳುವುದು ಅಂಥವರ ಪಾಲಿನ ಕೆಲಸ. ಅರಿವಳಿಕೆ ಇಲ್ಲದ ಕಾಲ ಅದು. ಗಾಯದಲ್ಲಿ ಕೀವು ಕಟ್ಟುವುದು ಮಾಯುವ ಲಕ್ಷಣವೆಂದೇ ಬಹುಮಂದಿ ವೈದ್ಯರು ನಂಬಿದ್ದರು.

ಆ ನಂಬಿಕೆ ಮುರಿದದ್ದು ಗ್ಲಾಸ್ಗೋದಲ್ಲಿ. 1865ರ ಆಗಸ್ಟ್ 12ರಂದು ಜೇಮ್ಸ್ ಗ್ರೀನ್‌ಲೀಸ್ ಎಂಬ ಹನ್ನೊಂದು ವರ್ಷದ ಹುಡುಗನ ಕಾಲಿನ ಮೇಲೆ ಗಾಡಿಯ ಚಕ್ರ ಹರಿದು, ಮೂಳೆ ಮುರಿದು ಗಾಯವಾಗಿತ್ತು. ಅಂಥ ಕಾಲನ್ನು ಕತ್ತರಿಸಿ ಹಾಕುವುದೇ ವಾಡಿಕೆ. ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಮೇಲೆ ಹಾಕಿ, ನಾಲ್ಕು ದಿನ ಬಿಟ್ಟು ಬಿಚ್ಚಿ ನೋಡಿದರು. ಕೀವಿರಲಿಲ್ಲ. ಆರು ವಾರಗಳಲ್ಲಿ ಮೂಳೆ ಕೂಡಿತು, ಹುಡುಗ ಎರಡು ಕಾಲಿನಲ್ಲಿ ಮನೆಗೆ ಹೋದ. 1867ರಲ್ಲಿ ಲಿಸ್ಟರ್ ಇಂಥ ಪ್ರಕರಣಗಳನ್ನೆಲ್ಲ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1879ರಲ್ಲಿ ಫ್ರಾನ್ಸಿನ ಶಾರ್ಲ್ ಶಾಂಬರ್ಲಾನ್ ಆಟೋಕ್ಲೇವ್ ರೂಪಿಸಿದ ಮೇಲೆ, ಗಾಯದಲ್ಲಿ ರೋಗಾಣು ಕೊಲ್ಲುವುದಕ್ಕಿಂತ ಅದು ಗಾಯಕ್ಕೆ ಬಾರದಂತೆ ತಡೆಯುವುದು ಮುಖ್ಯ ಎಂಬ ಕಡೆಗೆ ವಿಚಾರ ಹೊರಳಿತು.

ರಬ್ಬರ್ ಕೈಗವಸು ಬಂದದ್ದು ಮಾತ್ರ ಒಬ್ಬ ನರ್ಸಿನ ಕೈಯಿಂದಾಗಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರಿಗೆ ಉಪಕರಣ ಕೊಡುತ್ತಿದ್ದವರು ಕ್ಯಾರೊಲಿನ್ ಹ್ಯಾಂಪ್ಟನ್. ಕೈ ತೊಳೆಯಲು ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಅವರ ಚರ್ಮ ಕಿತ್ತುಹೋಗಿ, ಕೆಲಸ ಬಿಡುವ ಸ್ಥಿತಿ ಬಂತು. 1889-90ರ ಚಳಿಗಾಲದಲ್ಲಿ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ಕೈಗವಸು ಮಾಡಿಸಿಕೊಟ್ಟರು. ಸಹಾಯಕಿಯ ಕೈ ಉಳಿಸಲು ಬಂದ ಕೈಗವಸನ್ನು ಉಳಿದ ಸಹಾಯಕರು ಹಾಕಿಕೊಂಡರು, ಆಮೇಲೆ ವೈದ್ಯರು. ಹಾಲ್‌ಸ್ಟೆಡ್ ಶಿಷ್ಯ ಜೋಸೆಫ್ ಬ್ಲಡ್‌ಗುಡ್ ಹರ್ನಿಯಾ ಶಸ್ತ್ರಚಿಕಿತ್ಸೆಗಳ ಲೆಕ್ಕ ತೆಗೆದು, ಕೈಗವಸು ಹಾಕಿದಾಗ ನಂಜು ಬಹಳ ಕಡಿಮೆಯಾಗುವುದನ್ನು 1899ರಲ್ಲಿ ತೋರಿಸಿಕೊಟ್ಟರು. ಮೊದಲು ಯಾರ ಕೈ ಎಂಬುದನ್ನು ಇಲ್ಲಿ ಮರೆಯಬಾರದು.

ದೊಡ್ಡಾಸ್ಪತ್ರೆಯ ಮೇಜಿನಿಂದ ಓಣಿಯ ಕ್ಲಿನಿಕ್ಕಿಗೆ ಶಸ್ತ್ರಚಿಕಿತ್ಸೆ ಇಳಿದು ಬರಲು ಇನ್ನೊಂದು ಬೇಕಿತ್ತು: ರೋಗಿ ಎಚ್ಚರವಾಗಿದ್ದೂ ನೋವಿಲ್ಲದಿರುವುದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನ್ ದ್ರಾವಣದಿಂದ ಕಣ್ಣನ್ನು ಮರಗಟ್ಟಿಸಿದರು. ಕೊಕೇನಿನ ಚಟ ಭೀಕರವಾಗಿತ್ತು. ಪ್ರಯೋಗ ಮಾಡುತ್ತ ಹಾಲ್‌ಸ್ಟೆಡ್ ತಾವೇ ಅದಕ್ಕೆ ಬಲಿಬಿದ್ದರು. ಜರ್ಮನಿಯ ಪ್ರೊಕೇನ್ 20ನೇ ಶತಮಾನದ ಆರಂಭದಲ್ಲಿ ಬಂತು. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಸಿದ್ಧಪಡಿಸಿದ ಲಿಗ್ನೋಕೇನ್ 1948ರಲ್ಲಿ ಮಾರುಕಟ್ಟೆಗೆ ಬಂದು ಕೆಲಸವನ್ನೇ ಬದಲಿಸಿತು. ಇವತ್ತು ಉಗುರುಸುತ್ತು ಸೀಳುವುದಿರಲಿ, ಕೊಬ್ಬಿನ ಗಂಟು ತೆಗೆಯುವುದಿರಲಿ, ಹಣೆಗೆ ಹೊಲಿಗೆ ಹಾಕುವುದಿರಲಿ, ಚುಚ್ಚುವ ಮೊದಲ ಸೂಜಿ ಹೆಚ್ಚಾಗಿ ಅದರದ್ದೇ.

ಮೊದಲ ಮಹಾಯುದ್ಧ ಗಾಯಗಳ ಪಾಠಶಾಲೆಯಾಯಿತು. ಫ್ರಾನ್ಸಿನ ಗೊಬ್ಬರ ಹಾಕಿದ ಹೊಲಗಳ ಮಣ್ಣು ಮೆತ್ತಿದ ಗಾಯಗಳು ಕೊಳೆಯುತ್ತಿದ್ದವು. ಅಲೆಕ್ಸಿಸ್ ಕ್ಯಾರೆಲ್ ಮತ್ತು ಹೆನ್ರಿ ಡೇಕಿನ್ ಸೇರಿ, ಶೇಕಡಾ ಅರ್ಧದಷ್ಟು ಸೋಡಿಯಂ ಹೈಪೊಕ್ಲೋರೈಟ್ ಇರುವ ದ್ರಾವಣವನ್ನು ರಬ್ಬರ್ ನಳಿಗೆಗಳ ಮೂಲಕ ಗಾಯದೊಳಗೆ ಆಗಾಗ ಹಾಯಿಸುವ ಪದ್ಧತಿ ತಂದರು. ಹಗಲಿರುಳು ಆ ನಳಿಗೆ ನೋಡಿಕೊಳ್ಳುವ ನರ್ಸುಗಳಿಲ್ಲದೆ ಅದು ನಡೆಯುತ್ತಿರಲಿಲ್ಲ. ಅದೇ ಯುದ್ಧದ ಕಾಲದಲ್ಲಿ ಸಿನಿಮಾ ಕಂಡುಹಿಡಿದ ಲ್ಯೂಮಿಯೇರ್ ಸಹೋದರರಲ್ಲೊಬ್ಬರಾದ ಆಗಸ್ಟ್, ಗಾಯಕ್ಕೆ ಅಂಟದ, ಜಿಡ್ಡು ಸವರಿದ ಜಾಳಿಗೆ ಬಟ್ಟೆ ರೂಪಿಸಿದರು. ಪುಣೆಯ ಇಟ್ಟಿಗೆಯವನ ತುಪ್ಪದ ಬಟ್ಟೆ ಮಾಡಿದ್ದೂ ಇದೇ ಕೆಲಸವನ್ನು. ಮಣ್ಣು ಮೆತ್ತಿದ ಗಾಯದಿಂದ ಬರುವ ಧನುರ್ವಾಯುವಿಗೆ ಟಾಕ್ಸಾಯ್ಡ್ ಲಸಿಕೆ ಬಂದದ್ದು 1924ರಲ್ಲಿ. 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆನಿಸಿತು. ನಮ್ಮವರ ಬಾಯಲ್ಲಿ ಈಗಲೂ ಟಿ.ಟಿ. ಇಂಜೆಕ್ಷನ್ ಎನಿಸಿಕೊಳ್ಳುವುದರ ಜಾಗದಲ್ಲಿ 2019ರಿಂದ ಡಿಫ್ತೀರಿಯಾ ರಕ್ಷಣೆಯೂ ಸೇರಿದ ಟಿ.ಡಿ. ಲಸಿಕೆ ಬಂದಿದೆ.

ಕರ್ನಾಟಕದ ಊರುಗಳಲ್ಲಿ ಈ ವಿದ್ಯೆಯನ್ನು ದಶಕಗಳ ಕಾಲ ಹೊತ್ತು ನಡೆಸಿದವರು ಕಾಂಪೌಂಡರುಗಳು. ಮಿಕ್ಸ್ಚರ್ ಕಲಸುವುದು, ಸಿರಿಂಜು ಕುದಿಸುವುದು, ಕುರು ಸೀಳುವಾಗ ಕಿಡ್ನಿ ಟ್ರೇ ಹಿಡಿಯುವುದು, ಟಿಂಚರ್ ಅಯೋಡಿನ್ ಹಚ್ಚಿ ಪಟ್ಟಿ ಕಟ್ಟುವುದು ಎಲ್ಲಕ್ಕೂ ಅವರೇ. ಮನೆಯಲ್ಲಿ ಗಾಯಕ್ಕೆ ಅರಿಶಿನ, ಕಾಫಿಪುಡಿ ಒತ್ತಿಕೊಂಡು ಬಂದವರ ಗಾಯ ತೊಳೆಯುವ ಕೆಲಸವೂ ಅವರದೇ.  ಆದರೆ ಸಿರಿಂಜು ಕುದಿಸುವ ನೀರು ಎಲ್ಲ ರೋಗಾಣುಗಳನ್ನೂ ಕೊಲ್ಲುವುದಿಲ್ಲ. ಏಡ್ಸ್ ಭಯ ಹಬ್ಬಿದ ಮೇಲೆ ಒಮ್ಮೆ ಬಳಸಿ ಎಸೆಯುವ ಸೂಜಿಗಳು ಬಂದವು. ಚರ್ಮ ಉರಿಸುವ ಟಿಂಚರಿನ ಜಾಗವನ್ನು ಪೊವಿಡೋನ್ ಅಯೋಡಿನ್ ತುಂಬಿತು.

ಗಾಳಿಗೆ ಬಿಟ್ಟರೆ ಗಾಯ ಒಣಗುತ್ತದೆ, ಹಕ್ಕಳೆ ಕಟ್ಟಿದರೆ ಮಾಯ್ದಂತೆ. ಮನೆಮನೆಯ ಈ ತಿಳಿವಳಿಕೆಯನ್ನು ಪ್ರಶ್ನಿಸಿದವರು ಸಂಶೋಧಕ ಜಾರ್ಜ್ ವಿಂಟರ್. ಹಂದಿಗಳ ಚರ್ಮದ ಮೇಲೆ ತೆಳು ಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ ಅವರು ಹೋಲಿಸಿ ನೋಡಿದರು. ಮುಚ್ಚಿದವುಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತ್ತು. 1962ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು, ಮರುವರ್ಷ ಮನುಷ್ಯರಲ್ಲೂ ಇದೇ ಕಂಡುಬಂತು. ಗಾಯಕ್ಕೆ ಹದವಾದ ಪಸೆ ಇದ್ದರೆ ಹೊಸ ಜೀವಕೋಶಗಳು ಅದರ ಮೇಲೆ ಸಲೀಸಾಗಿ ಹರಿಯುತ್ತವೆ. ಹಕ್ಕಳೆ ಇದ್ದರೆ ಅದರಡಿ ದಾರಿ ಕೊರೆದುಕೊಂಡು ಹೋಗಬೇಕು. ಒಣಗಿದ ಗಾಜ್ ಬಟ್ಟೆಯನ್ನು ಸರಕ್ಕನೆ ಕಿತ್ತಾಗ ರೋಗಿ ಚೀರುವುದಷ್ಟೇ ಅಲ್ಲ, ಹಿಂದಿನ ದಿನ ಬೆಳೆದ ಚರ್ಮವೂ ಕಿತ್ತು ಬರುತ್ತದೆ. ಸಲೈನ್ ಹನಿಸಿ, ನೆನೆಸಿ, ಮೆಲ್ಲಗೆ ಬಿಡಿಸುವುದಕ್ಕೆ ಎರಡು ನಿಮಿಷ ಹೆಚ್ಚು ಬೇಕು. ಆ ಎರಡು ನಿಮಿಷ ರೋಗಿಯ ಹಕ್ಕು.

ವಿಂಟರ್ ಪ್ರಯೋಗದಿಂದ ಹೈಡ್ರೊಕೊಲಾಯ್ಡ್, ಫೋಮ್ ಮೊದಲಾದ ಹೊದಿಕೆಗಳ ಉದ್ಯಮವೇ ಬೆಳೆಯಿತು. 1997ರಲ್ಲಿ ಅಮೆರಿಕದ ಅರ್ಜೆಂಟಾ ಮತ್ತು ಮೊರಿಕ್ವಾಸ್, ಗಾಯದ ಮೇಲೆ ಸ್ಪಂಜು ಮುಚ್ಚಿ ಯಂತ್ರದಿಂದ ಸೋರಿಕೆ ಹೀರುವ ವಿಧಾನ ವಿವರಿಸಿದರು. ಇವು ನಮ್ಮ ಬಡವರ ಕೈಗೆ ಎಟುಕುವಂಥವಲ್ಲ. ಆದ್ದರಿಂದಲೇ ಭಾರತದಲ್ಲಿ ನಡೆದ ಹುಡುಕಾಟಕ್ಕೆ ಹೆಚ್ಚು ಬೆಲೆ. ಮುಂಬಯಿಯ ಡಾ. ಎಂ. ಎಚ್. ಕೇಸ್ವಾನಿ 1980ರ ದಶಕದಲ್ಲಿ ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನು ಬಟ್ಟೆಗೆ ಅಂಟಿಸಿ ಸುಟ್ಟಗಾಯಕ್ಕೆ ಹಾಕಿದರು. ಅದೇ ನಗರದ ಡಾ. ಮಾಧುರಿ ಗೋರೆ ಮತ್ತು ಸಂಗಡಿಗರು ಬಾಳೆ ಎಲೆಯನ್ನು ಆಟೋಕ್ಲೇವ್ ಮಾಡಿ ಬಳಸಿದರು. ವ್ಯಾಸಲಿನ್ ಗಾಜ್ ಜೊತೆ ಹೋಲಿಸಿದಾಗ ಎಲೆಯ ಹೊದಿಕೆ ಬಿಚ್ಚುವಾಗ ನೋವು ತೀರ ಕಡಿಮೆ ಎಂದು 2003ರಲ್ಲಿ 'ಬರ್ನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಬೆಂಗಳೂರಿನಲ್ಲಿ ರೇಷ್ಮೆಯ ಪ್ರೋಟೀನಿನಿಂದ ಗಾಯದ ಹೊದಿಕೆಗಳು ತಯಾರಾಗುತ್ತಿವೆ.

ಇನ್ನೂ ದೊಡ್ಡ ಕೊಡುಗೆ ವೆಲ್ಲೂರಿನದು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿಗೆ ಬಂದರು. ಕುಷ್ಠರೋಗಿಗಳ ಪಾದದ ಹುಣ್ಣು ಮಾಯದಿರುವುದಕ್ಕೆ ಅವರ ಮಾಂಸವೇ ಕೆಟ್ಟದ್ದು ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ನೋವು ತಿಳಿಯದ ಪಾದದ ಮೇಲೆ ಅವರು ನಡೆಯುತ್ತಲೇ ಇರುವುದು ನಿಜವಾದ ಕಾರಣ ಎಂದು ಬ್ರ್ಯಾಂಡ್ ಕಂಡುಕೊಂಡರು. ಪ್ಲಾಸ್ಟರ್ ಕಟ್ಟಿ ಪಾದಕ್ಕೆ ವಿಶ್ರಾಂತಿ ಕೊಟ್ಟರೆ ಹುಣ್ಣು ಮಾಯುತ್ತಿತ್ತು, ಮೆತ್ತನೆಯ ಮೈಕ್ರೊಸೆಲ್ಯುಲರ್ ರಬ್ಬರಿನ ಚಪ್ಪಲಿ ಹಾಕಿದರೆ ಮರಳಿ ಬರುವುದು ತಪ್ಪುತ್ತಿತ್ತು. ಸಕ್ಕರೆ ಕಾಯಿಲೆಯವರ ಪಾದಕ್ಕೂ ಇದೇ ಸೂತ್ರ. ಎಷ್ಟೇ ಬೆಲೆಯ ಮುಲಾಮು ಹಚ್ಚಿದರೂ, ಆ ಪಾದದ ಮೇಲೆಯೇ ಭಾರ ಹಾಕಿ ನಡೆದರೆ ಹುಣ್ಣು ಮಾಯುವುದಿಲ್ಲ. ಇದನ್ನು ಪ್ರತಿ ಸಲ ಪಟ್ಟಿ ಬದಲಿಸುವಾಗಲೂ ರೋಗಿಗೆ ಹೇಳಬೇಕಾದವರು ಡ್ರೆಸ್ಸಿಂಗ್ ಕೋಣೆಯವರೇ.

ಈಗಿನ ಕ್ಲಿನಿಕ್ಕಿನಲ್ಲಿ ಸಹಾಯಕರ ಕೆಲಸ ಹೇಗಿರುತ್ತದೆ? ಬೆನ್ನಿನ ಮೇಲಿನ ಗಂಟು ತೆಗೆಯುವುದನ್ನೇ ನೋಡಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಾರೆಯೇ, ಹಿಂದೆ ಹಲ್ಲು ಕೀಳಿಸುವಾಗ ಇಂಜೆಕ್ಷನ್ನಿಗೆ ಅಲರ್ಜಿ ಆಗಿತ್ತೇ ಎಂದು ಮೊದಲೇ ಕೇಳಬೇಕು. ಸಹಿಯಾದ ಒಪ್ಪಿಗೆ ಪತ್ರ ನೋಡಬೇಕು. ಟ್ರೇಯಲ್ಲಿ ಬ್ಲೇಡು, ಚಿಮುಟ, ಸೂಜಿ ಹಿಡಿಕೆ, ಕತ್ತರಿ, ಎಣಿಸಿದ ಗಾಜ್ ತುಂಡುಗಳು ಇರಬೇಕು. ಲಿಗ್ನೋಕೇನ್ ಬಾಟಲಿಯ ಹೆಸರು, ಸಾಮರ್ಥ್ಯ, ಅವಧಿಯನ್ನು ವೈದ್ಯರು ಓದುವಂತೆ ತಿರುಗಿಸಿ ಹಿಡಿಯಬೇಕು, ಏಕೆಂದರೆ ಅಡ್ರಿನಲಿನ್ ಬೆರೆತದ್ದಕ್ಕೂ ಬರಿಯದ್ದಕ್ಕೂ ಕೊಡಬಹುದಾದ ಪ್ರಮಾಣ ಬೇರೆ. ವೈದ್ಯರ ಕಣ್ಣು ಗಾಯದ ಮೇಲಿದ್ದಾಗ ಸಹಾಯಕರ ಕಣ್ಣು ರೋಗಿಯ ಮುಖದ ಮೇಲಿರಬೇಕು. ಮುಖ ಬಿಳಿಚಿ ಬೆವರೊಡೆದರೆ ತಲೆ ತಗ್ಗಿಸಿ ಕಾಲು ಎತ್ತಬೇಕು. ತೆಗೆದ ಗಂಟು ಫಾರ್ಮಲಿನ್ ತುಂಬಿದ ಡಬ್ಬಿಗೆ ಹೋಗುತ್ತದೆ. ಹೆಸರಿನ ಚೀಟಿ ಅಂಟಿಸಬೇಕಾದ್ದು ಡಬ್ಬಿಗೆ, ಮುಚ್ಚಳಕ್ಕಲ್ಲ. ಲ್ಯಾಬಿನಲ್ಲಿ ಮುಚ್ಚಳಗಳು ಅದಲುಬದಲಾದರೆ ಒಬ್ಬರ ಕ್ಯಾನ್ಸರ್ ವರದಿ ಇನ್ನೊಬ್ಬರ ಹೆಸರಿಗೆ ಹೋಗಬಹುದು. ಸೂಜಿಗಳ ಎಣಿಕೆ ಸರಿಯಾದ ಮೇಲೆ ಅವು ಬಿಳಿಯ, ಚುಚ್ಚಿದರೆ ತೂತಾಗದ ಡಬ್ಬಿಗೆ, ರಕ್ತ ಮೆತ್ತಿದ ಗಾಜ್ ಹಳದಿ ಚೀಲಕ್ಕೆ ಹೋಗಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುವುದು ಇದನ್ನೇ. ಕೊನೆಗೆ ಹೊಲಿಗೆ ಬಿಚ್ಚುವ ದಿನವನ್ನು ಬರೆದು ಕೊಡಬೇಕು: ಮುಖಕ್ಕೆ ಐದು ದಿನದ ಸುಮಾರು, ಕೈಕಾಲಿಗೆ ಹತ್ತರಿಂದ ಹದಿನಾಲ್ಕು.

ಇಷ್ಟೆಲ್ಲ ಮಾಡುವವರು ನಮ್ಮಲ್ಲಿ ಬಹಳಷ್ಟು ಸಲ ನೋಡಿ ಕಲಿತವರೇ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ತಪಾಸಣಾ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ, ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ಅಂಥ ಪಟ್ಟಿಯನ್ನು ಗಟ್ಟಿಯಾಗಿ ಓದಿ, ಬಿಟ್ಟುಹೋದದ್ದನ್ನು ವೈದ್ಯರಿಗೆ ನೆನಪಿಸುವ ಧೈರ್ಯ ಸಹಾಯಕರಿಗೆ ಬರಬೇಕಾದರೆ ಅವರಿಗೆ ಓದೂ ಬೇಕು, ಸ್ಥಾನವೂ ಬೇಕು. ವೈದ್ಯರ ಜೊತೆ ದುಡಿಯುವ ಹಲವು ಬಗೆಯ ತಂತ್ರಜ್ಞರ ಶಿಕ್ಷಣ, ನೋಂದಣಿಗಳಿಗೆ ಒಂದು ಚೌಕಟ್ಟು ಕೊಡುವ ಕಾನೂನು ಕೇಂದ್ರದಲ್ಲಿ ಬಂದದ್ದು 2021ರಲ್ಲಷ್ಟೇ.

ಸರಿಯಾಗಿ ಕಲಿತ ಕೈ ಎಷ್ಟು ಮುಖ್ಯ ಎನ್ನುವುದು ನಾಯಿ ಕಚ್ಚಿದಾಗ ಸ್ಪಷ್ಟವಾಗುತ್ತದೆ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ತಡೆಯುವ ಮೊದಲ ಹೆಜ್ಜೆಗೆ ಔಷಧಿಯೇ ಬೇಕಿಲ್ಲ. ಹರಿಯುವ ನೀರು, ಸೋಪು, ಹದಿನೈದು ನಿಮಿಷ ಸಾಕು. ಆಮೇಲೆ ಲಸಿಕೆ. ಹಲ್ಲು ಚರ್ಮ ತೂರಿ ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ ಅನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು, ಹೊಲಿಗೆಯನ್ನು ಆದಷ್ಟು ಮುಂದೂಡಬೇಕು. ಬೆಂಗಳೂರಿನಲ್ಲಿ 1998ರಲ್ಲಿ ಶುರುವಾದ ರೇಬೀಸ್ ತಡೆ ಸಂಘದ ವೈದ್ಯರು ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿದ್ದಾರೆ. ರಾಷ್ಟ್ರೀಯ ರೇಬೀಸ್ ನಿಯಂತ್ರಣ ಕಾರ್ಯಕ್ರಮದ ಮಾದರಿ ಕ್ಲಿನಿಕ್ಕುಗಳಲ್ಲಿ ಗಾಯ ತೊಳೆಯಲೆಂದೇ ಪ್ರತ್ಯೇಕ ನಲ್ಲಿಯ ವ್ಯವಸ್ಥೆ ಸೇರಿದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆ ನಲ್ಲಿ, ಅದರ ಪಕ್ಕದಲ್ಲಿ ಸೋಪು, ಗಡಿಯಾರ ನೋಡುತ್ತ ಹದಿನೈದು ನಿಮಿಷ ತೊಳೆಯುವ ಒಬ್ಬರು ಇರಬೇಕು. ಹಳ್ಳಿಯಲ್ಲಿ ನಾಯಿ ಕಚ್ಚಿಸಿಕೊಂಡ ಮಗುವನ್ನು ಎತ್ತಿಕೊಂಡು ಜನ ಮೊದಲು ಓಡುವುದು ಅಲ್ಲಿಗೆ.