ಕ್ಯೂನಲ್ಲಿ ಮೊದಲು ಯಾರು?

ಮಕ್ಕಳ ಆಸ್ಪತ್ರೆ ಅಂದ ತಕ್ಷಣ ನಮಗೆ ನೆನಪಾಗೋದು ಡಾಕ್ಟರು. ಯಾವ ಡಾಕ್ಟರ ಕೈಗುಣ ಚೆನ್ನಾಗಿದೆ ಅನ್ನೋದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಆದರೆ ಡಾಕ್ಟರು ರೌಂಡ್ಸ್‌ಗೆ ಬಂದು ಹೋಗೋದು ದಿನಕ್ಕೆ ಒಂದೋ ಎರಡೋ ಸಲ. ಉಳಿದ ಹೊತ್ತೆಲ್ಲ ಮಗುವಿನ ಮೇಲೆ ಕಣ್ಣಿಟ್ಟಿರೋದು ಸಿಸ್ಟರ್. ರಾತ್ರಿ ಮೂರು ಗಂಟೆಗೆ ಉಸಿರಾಟದಲ್ಲಿ ಏನೋ ಏರುಪೇರಾಯ್ತು ಅಂತ ಗುರುತಿಸಬೇಕಾದವರೂ ಅವರೇ. ಆ ಗುರುತಿಸುವ ಕಣ್ಣು ಅವರಿಗೆ ಎಲ್ಲಿಂದ ಬರುತ್ತೆ? ಅದಕ್ಕೊಂದು ಇತಿಹಾಸ ಇದೆ.

ಮಗು ಅಂದರೆ ಚಿಕ್ಕ ಸೈಜಿನ ದೊಡ್ಡವರಲ್ಲ. 10 ಕೆ.ಜಿ. ತೂಕದ ಮಗುವಿನ ಮೈಯಲ್ಲಿರೋ ರಕ್ತ ಸುಮಾರು 800 ಎಂ.ಎಲ್., ಒಂದು ಲೀಟರ್ ನೀರಿನ ಬಾಟಲಿಯಷ್ಟೂ ಇಲ್ಲ. ಔಷಧಿಯನ್ನು ತೂಕ ನೋಡಿ ಲೆಕ್ಕ ಹಾಕಬೇಕು. ದಶಾಂಶದ ಚುಕ್ಕಿ ಒಂದು ಸ್ಥಾನ ಆಚೀಚೆಯಾದರೆ ಡೋಸ್ ಹತ್ತು ಪಟ್ಟಾಗುತ್ತೆ. ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಗುವಿನ ಬಿ.ಪಿ. ಬಹಳ ಹೊತ್ತು ಸರಿಯಾಗೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಕುಸಿಯಬಹುದು. ಅದಕ್ಕೂ ಮುಂಚೆ ತಣ್ಣಗಾದ ಅಂಗೈ, ಜೋರಾದ ನಾಡಿ, ಮಂಕಾದ ನೋಟ ಸುಳಿವು ಕೊಡುತ್ತಿರುತ್ತವೆ. ಅವನ್ನು ಓದೋಕೆ ಬೇರೆಯದೇ ತರಬೇತಿ ಬೇಕು.

ಇದು ಬೇಗ ಹೊಳೆದವರಲ್ಲಿ ಲಂಡನ್ನಿನ ಡಾಕ್ಟರ್ ಚಾರ್ಲ್ಸ್ ವೆಸ್ಟ್ ಒಬ್ಬರು. 1852ರಲ್ಲಿ ಅವರು ಗ್ರೇಟ್ ಆರ್ಮಂಡ್ ಸ್ಟ್ರೀಟಿನಲ್ಲಿ ಮಕ್ಕಳ ಆಸ್ಪತ್ರೆ ತೆರೆದಾಗ ಇದ್ದದ್ದು ಬರೀ 10 ಹಾಸಿಗೆ. ಎರಡೇ ವರ್ಷಕ್ಕೆ ಕಾಯಿಲೆ ಮಕ್ಕಳ ಶುಶ್ರೂಷೆ ಹೇಗೆ ಅಂತ ನರ್ಸುಗಳಿಗಾಗಿ ಒಂದು ಚಿಕ್ಕ ಪುಸ್ತಕ ಬರೆದರು. 1919ರಲ್ಲಿ ಬ್ರಿಟನ್ ನರ್ಸುಗಳ ನೋಂದಣಿಗೆ ಕಾನೂನು ತಂದಾಗ ಮಕ್ಕಳ ನರ್ಸುಗಳಿಗೆ ಅಂತಲೇ ಒಂದು ಪ್ರತ್ಯೇಕ ಪಟ್ಟಿ ಬಂತು.

ಆದರೆ ಮಕ್ಕಳು ಹೆಚ್ಚು ಸಾಯುತ್ತಿದ್ದದ್ದು ವಸಾಹತುಗಳಲ್ಲಿ. 1929ರಲ್ಲಿ ಜಮೈಕಾದಲ್ಲಿ ಹುಟ್ಟಿದ ಡಾಕ್ಟರ್ ಸಿಸಿಲಿ ವಿಲಿಯಮ್ಸ್ ಗೋಲ್ಡ್ ಕೋಸ್ಟ್‌ಗೆ, ಅಂದರೆ ಈಗಿನ ಘಾನಾಗೆ, ಕೆಲಸಕ್ಕೆ ಹೋದರು. ಹೊಟ್ಟೆ ಊದಿ, ಕೂದಲು ಕೆಂಪಾಗಿ, ಚರ್ಮ ಸುಲಿದು ಸಾಯುತ್ತಿದ್ದ ಮಕ್ಕಳನ್ನು ಅಲ್ಲಿ ನೋಡಿದರು. ಹಿರಿಯ ತಜ್ಞರು ಇದು ಪೆಲ್ಲಾಗ್ರಾ ಅಂದರು. ಸಿಸಿಲಿ ಒಪ್ಪಲಿಲ್ಲ. ಅಲ್ಲಿನ ಹೆಂಗಸರು ಇದಕ್ಕೆ ಏನಂತಾರೆ ಅಂತ ಕೇಳಿದರು. ಗಾ ಭಾಷೆಯಲ್ಲಿ ಅದಕ್ಕೆ ಕ್ವಾಶಿಯೋರ್ಕರ್ ಅಂತ ಹೆಸರಿತ್ತು. ಹೊಸ ಮಗು ಬಂದಾಗ ತಾಯಿಯ ಮಡಿಲಿಂದ ಇಳಿದ ಮಗುವಿಗೆ ಬರೋ ಕಾಯಿಲೆ ಅನ್ನೋದು ಅದರ ಅರ್ಥ. ಎದೆಹಾಲು ತಪ್ಪಿ ಬರೀ ಮೆಕ್ಕೆಜೋಳದ ಗಂಜಿಗೆ ಬಿದ್ದ ಮಗು! ಕಾರಣ ಹೆಸರಿನಲ್ಲೇ ಇತ್ತು. 1935ರಲ್ಲಿ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದೇ ಹೆಸರಿಟ್ಟು ಬರೆದರು. ಇವತ್ತಿಗೂ ವೈದ್ಯಪುಸ್ತಕಗಳಲ್ಲಿ ಇರೋದು ಅದೇ ಹೆಸರು.

ತಾಯಂದಿರ ವಿಷಯಕ್ಕೇ ಬನ್ನಿ. 1950ರ ದಶಕದಲ್ಲೂ ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳಲ್ಲಿ ಮಗುವನ್ನು ಸೇರಿಸಿದ ಮೇಲೆ ಅಪ್ಪ ಅಮ್ಮ ಹೊರಗೆ. ನೋಡೋಕೆ ಬರೋದಕ್ಕೂ ದಿನ, ಗಂಟೆಯ ಕಟ್ಟುಪಾಡು. ಇದು ತಪ್ಪು, ತಂದೆತಾಯಿಯನ್ನು ಒಳಗೆ ಬಿಡಿ ಅಂತ ಪ್ಲ್ಯಾಟ್ ವರದಿ ಹೇಳಿದ್ದು 1959ರಲ್ಲಿ. ಆಫ್ರಿಕಾದ ಅನೇಕ ವಾರ್ಡುಗಳಲ್ಲಿ ತಾಯಿ ಮಗುವಿನ ಮಂಚದ ಪಕ್ಕದಲ್ಲೇ ಮಲಗುತ್ತಾಳೆ, ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಇರೋ ಹಾಗೆ. ಅವಳನ್ನು ಅಡ್ಡಿ ಅಂದುಕೊಳ್ಳದೆ ಆರೈಕೆಯಲ್ಲಿ ಜೊತೆಗೂಡಿಸಿಕೊಳ್ಳೋ ನರ್ಸುಗಳ ರೀತಿಯನ್ನು ದಕ್ಷಿಣ ಆಫ್ರಿಕಾದ ಸಂಶೋಧಕರು ಈಗ ದಾಖಲಿಸುತ್ತಿದ್ದಾರೆ. ಲಂಡನ್ನಿನ ಸಿಲಬಸ್ಸನ್ನು ಹಾಗೇ ತಂದಿಟ್ಟಿದ್ದರೆ ಈ ಪಾಠ ಸಿಗುತ್ತಿರಲಿಲ್ಲ.

ಅಲ್ಲಲ್ಲೇ ಕಲಿಸಿದರೆ ಏನಾಗುತ್ತೆ ಅನ್ನೋದಕ್ಕೆ ಮಲಾವಿ ದೇಶದ ಬ್ಲಾಂಟೈರ್ ಊರನ್ನು ನೋಡಬೇಕು. ಅಲ್ಲಿನ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆಯಲ್ಲಿ ಲಸಿಕೆಗೆ ಬಂದ ಮಗು, ನೆಗಡಿಯ ಮಗು, ಸಾಯೋ ಸ್ಥಿತಿಯ ಮಗು ಎಲ್ಲ ಒಂದೇ ಕ್ಲಿನಿಕ್ಕಿಗೆ ಬರುತ್ತಿದ್ದವು. ಕಾಯುವಾಗಲೇ ಕೈಮೀರಿ ಹೋಗೋ ಅಪಾಯ. ಡಾಕ್ಟರ್ ಎಲಿಜಬೆತ್ ಮಾಲಿನೋ ಮತ್ತು ಅವರ ತಂಡ ವ್ಯವಸ್ಥೆ ಬದಲಿಸಿತು. ಬಂದ ಪ್ರತಿ ಮಗುವನ್ನೂ ತಕ್ಷಣ ನೋಡಿ ಮೂರು ಗುಂಪು ಮಾಡೋದು: ಈಗಲೇ ಚಿಕಿತ್ಸೆ ಬೇಕಾದವರು, ಬೇಗ ನೋಡಬೇಕಾದವರು, ಕಾಯಬಹುದಾದವರು. ಉಸಿರು, ಕೈಕಾಲಿನ ಬಿಸಿ, ಫಿಟ್ಸ್, ಎಚ್ಚರ, ಇಷ್ಟು ನೋಡಿದರೆ ಯಾರು ಮೊದಲು ಅಂತ ಗೊತ್ತಾಗುತ್ತೆ. ಸಿಬ್ಬಂದಿಗೆ ತರಬೇತಿ, ಕೆಲವು ಸರಳ ಸಲಕರಣೆ, ಕ್ಯೂ ಸಾಗೋ ದಾರಿಯಲ್ಲಿ ಬದಲಾವಣೆ. ಅಷ್ಟೇ. ಮೊದಲು ಆಸ್ಪತ್ರೆಗೆ ಸೇರಿದ 100 ಮಕ್ಕಳಲ್ಲಿ 10ರಿಂದ 18 ಮಕ್ಕಳು ಸಾಯುತ್ತಿದ್ದರೆ, ಆಮೇಲೆ ಆ ಸಂಖ್ಯೆ 6ರಿಂದ 8ಕ್ಕೆ ಇಳಿಯಿತು.

ಹಾಗಾದರೆ ಯಂತ್ರ ಬೇಡವಾ? ಬೇಕು. ಅದೇ ಆಸ್ಪತ್ರೆಯಲ್ಲಿ ಉಸಿರಾಟದ ತೊಂದರೆ ಇದ್ದ ನವಜಾತ ಶಿಶುಗಳಿಗೆ ಬಬಲ್ ಸಿಪ್ಯಾಪ್ ಅನ್ನೋ ಅಗ್ಗದ ಯಂತ್ರ ಬಳಸಿ ನೋಡಿದರು. ಬರೀ ಆಕ್ಸಿಜನ್ ಕೊಟ್ಟಾಗ 100ರಲ್ಲಿ 44 ಶಿಶುಗಳು ಬದುಕಿದರೆ, ಇದರಿಂದ 71 ಬದುಕಿದವು. ಆದರೆ ಸರಿಯಾದ ಅಳತೆಯ ನಳಿಕೆ ಹಾಕೋದು, ಮೂಗಿನ ಚರ್ಮ ಗಾಯವಾಗದಂತೆ ನೋಡೋದು, ಗುಳ್ಳೆ ನಿಂತರೆ ಯಾಕೆ ಅಂತ ಹುಡುಕೋದು ನರ್ಸಿನ ಕೆಲಸ. ಕಲಿತ ಕೈ ಇಲ್ಲದಿದ್ದರೆ ಯಂತ್ರ ಮೂಲೆ ಸೇರುತ್ತೆ.

ಮತ್ತೆ ಆ ಕಲಿತ ಕೈಗಳೇ ವಿಮಾನ ಹತ್ತಿಬಿಟ್ಟರೆ? 2000ದ ಸುಮಾರಿಗೆ ಮಲಾವಿಗೆ ಆಗಿದ್ದು ಅದೇ. ಅಲ್ಲಿ ಕಲಿತ ನರ್ಸುಗಳು ಬ್ರಿಟನ್ನಿಗೆ ಹೊರಟರು. 2004ರಲ್ಲಿ ಮಲಾವಿ ಸರ್ಕಾರ ತುರ್ತು ಯೋಜನೆ ಹಾಕಿ, ಆರೋಗ್ಯ ಸಿಬ್ಬಂದಿಯ ಸಂಬಳವನ್ನು ಶೇ. 52ರಷ್ಟು ಏರಿಸಿತು, ತರಬೇತಿ ಸೀಟುಗಳನ್ನು ಹೆಚ್ಚಿಸಿತು. ಅದಕ್ಕೆ ದುಡ್ಡು ಕೊಟ್ಟವರಲ್ಲಿ ಬ್ರಿಟನ್ನೂ ಇತ್ತು! ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಂದ ಗಲ್ಫ್‌ಗೋ ಲಂಡನ್ನಿಗೋ ಹೊರಟವರನ್ನು ಕಂಡಿರೋ ನಮಗೆ ಈ ಕಥೆ ಹೊಸದಲ್ಲ. ಹೋಗೋರನ್ನು ದೂರೋದು ಸುಲಭ. ನಾವೂ ಒಳ್ಳೆ ಪ್ಯಾಕೇಜ್ ಸಿಕ್ಕರೆ ಕಂಪನಿ ಬದಲಿಸೋರೇ ಅಲ್ವಾ?

ಉಳಿಯೋಕೆ ಸಂಬಳದ ಜೊತೆ ಮರ್ಯಾದೆಯೂ ಬೇಕು. ಎರಡನೇ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ ಕೇಪ್‌ಟೌನಿನ ರೆಡ್ ಕ್ರಾಸ್ ಮಕ್ಕಳ ಆಸ್ಪತ್ರೆ 1956ರಲ್ಲಿ ತೆರೆಯಿತು. ಮರುವರ್ಷವೇ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ನರ್ಸುಗಳನ್ನು ಬಣ್ಣದ ಮೇಲೆ ವಿಂಗಡಿಸೋ ಕಾನೂನು ತಂದಿತು. ಆ ಕಾಲ ಮುಗೀತು. ಆಮೇಲೆ ಕೇಪ್‌ಟೌನ್ ವಿಶ್ವವಿದ್ಯಾಲಯ ಅದೇ ಆಸ್ಪತ್ರೆಯಲ್ಲಿ ಮಕ್ಕಳ ನರ್ಸುಗಳನ್ನು ತಯಾರು ಮಾಡಿತು. ಆಫ್ರಿಕಾದ ಬೇರೆ ದೇಶದವರೂ ಅಲ್ಲಿ ಬಂದು ಕಲಿತಿದ್ದಾರೆ. ತಮ್ಮ ಊರಿನ ವಾರ್ಡನ್ನೇ ಹೋಲುವ ವಾರ್ಡಿನಲ್ಲಿ ಕಲಿತವರು ಅವರು.

ಆದರೆ ಕಲಿತು ಬಂದ ಆ ಮಕ್ಕಳ ನರ್ಸನ್ನು ಮುಂದಿನ ತಿಂಗಳು ಸರ್ಜರಿ ವಾರ್ಡಿಗೆ, ಅದರ ಮುಂದಿನ ತಿಂಗಳು ಓ.ಪಿ.ಡಿ.ಗೆ ಹಾಕಿದರೆ ಓದಿದ್ದೆಲ್ಲ ನೀರಲ್ಲಿ ಹೋಮ. ಎಷ್ಟು ಜನ ಕಲಿತರು ಅನ್ನೋದನ್ನು ಸರ್ಕಾರಗಳು ಲೆಕ್ಕ ಇಡುತ್ತವೆ. ಕಲಿತವರು ಇವತ್ತು ರಾತ್ರಿ ಮಕ್ಕಳ ವಾರ್ಡಿನಲ್ಲೇ ಡ್ಯೂಟಿಯಲ್ಲಿದ್ದಾರಾ ಅನ್ನೋದನ್ನೂ ಲೆಕ್ಕ ಇಡಬೇಕು.